ಒಂದೇ ಕಟಿಂಗ್

ಹೊಳೆದಂಡೆಯ ಆ ಊರಿನಲ್ಲಿ ಒಂದು ಕಟಿಂಗ್ ಶಾಪು ತೆರೆಯಬೇಕೆಂದು ಗುಪ್ತಚರ ಇಲಾಖೆಯವರು ತೀರ್ಮಾನಿಸಿದಾಗ ಎಲ್ಲವನ್ನೂ ಯೋಚಿಸಿದ್ದರು, ಕೂದಲೊಂದನ್ನು ಬಿಟ್ಟು.

ಹೊಳೆಯ ಆಚೆ ದಡ ಬೇರೆ ದೇಶ. ನಡುವಿನ ಸೇತುವೆಗೆ ಮುಳ್ಳುತಂತಿ ಸುತ್ತಿ ವರ್ಷಗಳೇ ಆಗಿದ್ದವು. ಜಗಳ ಶುರುವಾದದ್ದು ಯಾಕೆ ಎಂದು ಕೇಳಿದರೆ ಈಚೆಯವರು ಒಂದು ಹೇಳುತ್ತಿದ್ದರು, ಆಚೆಯವರು ಇನ್ನೊಂದು. ಬೇಸಿಗೆಯಲ್ಲಿ ನೀರು ಇಳಿದು ಹೊಳೆ ದಾಟುವಂತಾದಾಗ ಮಾತ್ರ ಇಬ್ಬರ ಫಿರಂಗಿಗಳೂ ಒಂದೇ ಭಾಷೆ ಆಡುತ್ತಿದ್ದವು. ಅಂಥದೊಂದು ಬೇಸಿಗೆಯಲ್ಲಿ ಊರಿನ ಹಳೆಯ ಕ್ಷೌರಿಕ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದ. ಗಂಡಸು ಮನಸ್ಸು ಬಿಚ್ಚಿ ಮಾತಾಡುವುದು ಕ್ಷೌರದ ಕುರ್ಚಿಯಲ್ಲಿ ಮಾತ್ರ ಎಂದು ಇಲಾಖೆಯ ಯಾರೋ ಬುದ್ಧಿವಂತರು ಲೆಕ್ಕ ಹಾಕಿದರು. ಖಾಲಿ ಬಿದ್ದಿದ್ದ ಅಂಗಡಿಯನ್ನು ಬಾಡಿಗೆಗೆ ಹಿಡಿದು, ಆ ಯೋಜನೆಗೆ ನಗುನಗುತ್ತಲೇ ‘ಕೂಂಬಿಂಗ್ ಕಾರ್ಯಾಚರಣೆ’ ಎಂದು ಹೆಸರಿಟ್ಟರು. ಬಾಚಣಿಗೆಯ ಕೆಲಸ ತಾನೇ.

ಆ ಕೆಲಸಕ್ಕೆ ಆರಿಸಿದ್ದು ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿ ಅರ್ಧ ಆಯುಸ್ಸು ಕಳೆದಿದ್ದ ಒಬ್ಬನನ್ನು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಡವರ ಮಾತು ಕೇಳುವುದೇ ಅವನ ಕಸುಬಾಗಿತ್ತು. ಬಾಯಿ ತೆರೆಯುವ ಅಭ್ಯಾಸ ಇರಲಿಲ್ಲ. ಕತ್ತರಿ ಹಿಡಿಯುವುದನ್ನು ಕಲಿಯಲು ಅವನನ್ನು ಸೈನ್ಯದ ಕ್ಷೌರಿಕನ ಹತ್ತಿರವೇ ಬಿಟ್ಟರು. ಆ ಗುರುವಿಗೆ ಜನ್ಮದಲ್ಲಿ ಗೊತ್ತಿದ್ದದ್ದು ಒಂದೇ ಕಟಿಂಗ್: ಕಿವಿಯ ಸುತ್ತ, ಕತ್ತಿನ ಹಿಂದೆ ಮಿಷನ್ ಹೊಡೆದು ನುಣ್ಣಗೆ ಮಾಡುವುದು, ನೆತ್ತಿಯ ಮೇಲೆ ಬೆರಳಿಗೆ ಸಿಗದಷ್ಟು ಗಿಡ್ಡ ಬಿಡುವುದು. ಗುರು ಚಾಚೂ ತಪ್ಪದೆ ಹೇಳಿಕೊಟ್ಟ, ಶಿಷ್ಯ ಚಾಚೂ ತಪ್ಪದೆ ಕಲಿತ. ಪರೀಕ್ಷೆ ಮಾಡಲು ಬಂದ ಅಧಿಕಾರಿಗಳು ತಮ್ಮ ತಲೆಗಳನ್ನೇ ಒಡ್ಡಿ, ಕನ್ನಡಿ ನೋಡಿಕೊಂಡು, ಭೇಷ್ ಎಂದರು. ಅವರ ತಲೆಗಳೂ ಚಿಕ್ಕಂದಿನಿಂದ ಅದೇ ಕತ್ತರಿ ಕಂಡಿದ್ದವು. ಲೋಕದಲ್ಲಿ ಇನ್ನೊಂದು ಬಗೆಯ ಕಟಿಂಗ್ ಇರಬಹುದು ಎಂಬ ಯೋಚನೆ ಒಬ್ಬರಿಗೂ ಬರಲಿಲ್ಲ.

ಅಂಗಡಿ ತೆರೆಯಿತು. ಮೊದಲ ಗಿರಾಕಿ ಪಕ್ಕದ ಅಂಗಡಿಯ ದರ್ಜಿ. ಒಂದು ಬೇಸಿಗೆಯ ಶೆಲ್ ದಾಳಿಯಲ್ಲಿ ಅವನ ತಮ್ಮ ಅಂಗಡಿಯ ಬಾಗಿಲಲ್ಲೇ ಸತ್ತಿದ್ದ. ಇವನ ಎಡಗಾಲಿಗೆ ಚೂರು ಹೊಕ್ಕು ಅಂದಿನಿಂದ ಕುಂಟುತ್ತಿದ್ದ. ಭುಜದವರೆಗೆ ಇಳಿಬಿದ್ದಿದ್ದ ಕೂದಲಲ್ಲಿ ಒಳಗೆ ಬಂದವನು, ಕಾಲಿನ ಕಥೆಯನ್ನೂ ತಮ್ಮನ ಕಥೆಯನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಎದ್ದು ಕನ್ನಡಿ ನೋಡಿಕೊಂಡಾಗ ಅಲ್ಲಿ ಯಾರೋ ಸಿಪಾಯಿ ನಿಂತಿದ್ದ. ಒಂದು ಗಳಿಗೆ ಬೆಪ್ಪಾದ.

“ಇರ್ಲಿ ಬಿಡಿ,” ಎಂದ ಆಮೇಲೆ. “ತಲೆ ಹಗುರ ಆಯ್ತು. ಇಷ್ಟು ಹೊತ್ತು ನನ್ನ ಮಾತು ಯಾರೂ ಕೇಳಿರ್ಲಿಲ್ಲ.”

ಸುದ್ದಿ ಹಬ್ಬಿತು. ಹೊಸ ಕ್ಷೌರಿಕ ಒಂದು ಮಾತೂ ಆಡುವುದಿಲ್ಲವಂತೆ, ನೀವು ಎಷ್ಟು ಕೊರೆದರೂ ಕೇಳುತ್ತಾನಂತೆ. ಕ್ಷೌರಿಕರ ಬಾಯಿಗೆ ಸಿಕ್ಕಿ ಸಾಕಾಗಿದ್ದ ಜನಕ್ಕೆ ಇದು ದೊಡ್ಡ ಸಮಾಧಾನ. ಊರಿನಲ್ಲಿ ಬೇರೆ ಕ್ಷೌರಿಕನೂ ಇರಲಿಲ್ಲವಲ್ಲ. ಬೇಕರಿಯವನು ಬಂದ, ಶಾಲೆಯ ಮೇಷ್ಟರು ಬಂದರು, ಮದುವೆಯಾಗಬೇಕಾದ ಹುಡುಗರೂ ತಲೆ ಕೊಟ್ಟು ಹೋದರು. ಎಲ್ಲರೂ ಅವನನ್ನು ಮೌನಿಯಣ್ಣ ಎಂದು ಕರೆದರು.

ಅಂಗಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಅದರ ಮೇಲೆ ಟೆರೇಸು. ಸಂಸಾರಸ್ಥನಾದರೆ ಜನಕ್ಕೆ ಅನುಮಾನ ಬರುವುದಿಲ್ಲ ಎಂದು ಇಲಾಖೆ ಹೆಂಡತಿಯನ್ನು ಕರೆಸಿಕೊಳ್ಳಲು ಒಪ್ಪಿತು. ಮೌನಿಯ ಬದುಕಿನಲ್ಲಿ ಸರ್ಕಾರ ಮಾಡಿದ ಒಂದೇ ಉಪಕಾರ ಅದು. ಮದುವೆಯಾದ ಲಾಗಾಯ್ತಿನಿಂದ ಅವನು ಬ್ಯಾರಕ್ಕಿನಲ್ಲಿ, ಅವಳು ಅಣ್ಣನ ಮನೆಯಲ್ಲಿ. ಅತ್ತಿಗೆ ಕೆಟ್ಟವಳಲ್ಲ. ಆದರೆ ಸಾರಿಗೆ ಉಪ್ಪು ಹಾಕುವ ಮೊದಲು ಇನ್ನೊಬ್ಬರ ಮುಖ ನೋಡಬೇಕಾದ ಅಡುಗೆಮನೆ ಎಷ್ಟು ವರ್ಷವಾದರೂ ತನ್ನದಾಗುವುದಿಲ್ಲ. ಅವಳು ಬಂದ ದಿನ ಪಾತ್ರೆ ಇಳಿಸಿಕೊಂಡಳು, ಒಲೆ ಹಚ್ಚಿದಳು, ಬಟ್ಟೆಗಳನ್ನು ಮಾತ್ರ ಟ್ರಂಕಿನಿಂದ ತೆಗೆಯಲಿಲ್ಲ.

“ಒಂದೆರಡು ಮೊಳೆ ಹೊಡ್ಕೋ, ನೇತು ಹಾಕೋಕಾದ್ರೂ ಆಗುತ್ತೆ,” ಎಂದ ಮೌನಿ.

“ಬಿಟ್ಟು ಹೋಗೋ ಗೋಡೆಗೆ ನಾನು ಮೊಳೆ ಹೊಡೆಯಲ್ಲ. ಇಲ್ಲೇ ಇರ್ತೀವಿ ಅಂತ ಹೇಳಿ, ಆಮೇಲೆ ಹೊಡೀತೀನಿ.”

ಅವನಿಗೆ ಹಾಗೆ ಹೇಳಲು ಆಗಲಿಲ್ಲ. ಆದರೆ ಅಂದಿನಿಂದ ಅವನಿಗೆ ಬೇಕಾಗಿದ್ದದ್ದು ಅದೊಂದೇ. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡವನು ಊಟಕ್ಕೆ ಕೂತರೆ ಅಣೆಕಟ್ಟಿನ ಬಾಗಿಲು ತೆರೆದಂತೆ ಮಾತಾಡುತ್ತಿದ್ದ. ಬೇಕರಿಯವನ ಭಾವಮೈದುನ ಏನಂದ, ಮೇಷ್ಟರ ಮಗಳಿಗೆ ಯಾಕೆ ನಿದ್ದೆ ಬರುವುದಿಲ್ಲ, ಒಂದೂ ಬಿಡದೆ. “ಊರಿಗೆಲ್ಲ ಮೌನಿ, ನನ್ನ ಪಾಲಿಗೆ ರೇಡಿಯೋ,” ಎನ್ನುತ್ತಿದ್ದಳು ಅವಳು. ಹಾಗೆಂದು ಎದ್ದು ಹೋಗುತ್ತಿರಲಿಲ್ಲ.

ತಿಂಗಳಿಗೊಮ್ಮೆ ಇಲಾಖೆಯ ಸಾಹೇಬರು ಬ್ಲೇಡು ಮಾರುವ ಏಜೆಂಟನ ವೇಷದಲ್ಲಿ, ಕೈಯಲ್ಲಿ ಚರ್ಮದ ಚೀಲ ಹಿಡಿದು ಬರುತ್ತಿದ್ದರು. ಹೆಂಡತಿ ಅವರಿಗೆ ಬ್ಲೇಡ್ ಸಾಹೇಬರು ಎಂದು ಹೆಸರಿಟ್ಟಿದ್ದಳು. ಒಮ್ಮೆ ಕೂತರೆ ಏಳದೆ ಕೊರೆಯುತ್ತಿದ್ದರಿಂದ ಆ ಹೆಸರು ಎರಡು ಬಗೆಯಲ್ಲೂ ಹೊಂದುತ್ತಿತ್ತು.

“ಏನಯ್ಯಾ ನಿನ್ನ ವರದಿ? ದರ್ಜಿಗೆ ಕಾಲುನೋವು, ಬೇಕರಿಯವನಿಗೆ ಭಾವಮೈದುನನ ಕಾಟ. ನಾವೇನು ಗುಪ್ತಚರ ಇಲಾಖೆನೋ ಆಸ್ಪತ್ರೆನೋ?”

“ಊರಲ್ಲಿ ಇರೋದೇ ಅಷ್ಟು ಸಾರ್.”

“ಆಚೆಯವರ ಕಡೆಯೋರು ಯಾರೂ ಇಲ್ವಾ?”

“ಒಬ್ಬ ಇದ್ದಾನೆ ಸಾರ್. ಆದ್ರೆ ಅವನು ಆಚೆನೇ ಇದ್ದಾನೆ.”

ಅದು ಇಡೀ ಊರಿಗೆ ಗೊತ್ತಿದ್ದ ಗುಟ್ಟು. ಆಚೆ ದಡದ ಗುಡ್ಡದ ಮೇಲೆ ಕಾವಲು ಗೋಪುರ, ಅದರಲ್ಲಿ ದುರ್ಬೀನು ಹಿಡಿದ ಒಬ್ಬ ಸಿಪಾಯಿ. ಹೊತ್ತು ಹುಟ್ಟಿದರೆ ಮುಳುಗುವ ತನಕ ಅವನು ಈ ಊರಿನ ಬೀದಿಗಳನ್ನು ನೋಡುತ್ತಿದ್ದ. ಮೌನಿಯ ಹೆಂಡತಿ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಗಾಜು ಫಳ್ಳೆನ್ನುವುದು ಕಾಣುತ್ತಿತ್ತು. ಅವಳು ಅವನನ್ನು ಎದುರುಮನೆಯವನು ಎಂದು ಕರೆಯುತ್ತಿದ್ದಳು. ಎರಡು ದಿನ ಗಾಜು ಹೊಳೆಯದಿದ್ದರೆ, “ಪಾಪ, ಎದುರುಮನೆಯವನಿಗೆ ಹುಷಾರಿಲ್ವೋ ಏನೋ,” ಎಂದು ನಿಜವಾಗಿಯೂ ಮರುಗುತ್ತಿದ್ದಳು.

ಹೀಗೆ ತಣ್ಣಗಿದ್ದಾಗಲೇ ಬೇಸಿಗೆ ಬಂತು. ಹೊಳೆಯಲ್ಲಿ ಬಂಡೆಗಳು ತಲೆಯೆತ್ತಿದವು. ಆ ಸಲ ಬಂದ ಬ್ಲೇಡ್ ಸಾಹೇಬರು ಕುರ್ಚಿಯಲ್ಲಿ ಕೂರಲಿಲ್ಲ.

“ಗುಡ್ಡದ ಹಿಂದೆ ಅವರ ಟ್ಯಾಂಕುಗಳು ಬಂದು ನಿಂತಿವೆ. ಬರೀ ಶೆಲ್ ಅಲ್ಲ ಈ ಸಲ, ಹೊಳೆ ದಾಟ್ತಾರೆ. ನಮ್ಮ ಸೈನ್ಯ ಬರೋಕೆ ಹೊತ್ತು ಹಿಡಿಯುತ್ತೆ. ಊರು ಖಾಲಿ ಮಾಡಿಸ್ಬೇಕು. ನೀನೂ ತಯಾರಾಗು.”

ಮೌನಿ ಮೇಲೆ ಹೋಗಿ ಹೇಳಿದಾಗ ಅವಳು ಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಟ್ರಂಕು ಹೇಗೂ ಕಟ್ಟೇ ಇದೆ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ದರ್ಜಿ ಎಲ್ಲಿಗೆ ಹೋಗ್ತಾನಂತೆ?” ಎಂದು ಕೇಳಿದಳು. ದರ್ಜಿಗೆ ಹೋಗಲು ಯಾವ ಜಾಗವೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೌನಿಗೆ ಅವತ್ತು ಊಟ ಸೇರಲಿಲ್ಲ, ಮಾತೂ ಹೊರಡಲಿಲ್ಲ.

ಊರು ಖಾಲಿಯಾಗಲಿಲ್ಲ. ಆದೇಶ ಇನ್ನೂ ಯಾವುದೋ ಮೇಜಿನ ಮೇಲಿದ್ದಾಗಲೇ ಗುಡ್ಡದ ಹಿಂದಿನ ಟ್ಯಾಂಕುಗಳು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ತಿರುಗಿ ಹೋದವು. ಅದರ ಬೆನ್ನಿಗೇ ಬ್ಲೇಡ್ ಸಾಹೇಬರು ಓಡೋಡಿ ಬಂದರು. ಅಂದು ಸಂತೆಯ ದಿನ, ಬೀದಿ ತುಂಬ ಜನ. ಸಾಹೇಬರು ಶಟರ್ ಅರ್ಧ ಎಳೆಸಿ ಗುಟ್ಟಾಗಿ ಕೇಳಿದರು.

“ನಿಜ ಹೇಳು. ಇಲ್ಲಿ ನಮ್ಮ ಸೈನ್ಯ ಇದೆಯಾ?”

“ನಿಮಗೆ ಗೊತ್ತಿಲ್ವಾ ಸಾರ್?”

“ನನಗೆ ಗೊತ್ತಿಲ್ಲ, ನನ್ನ ಮೇಲಿನವರಿಗೂ ಗೊತ್ತಿಲ್ಲ. ಆಚೆಯವರ ವೈರ್‌ಲೆಸ್ ಕದ್ದು ಕೇಳಿದ್ವಿ. ಈ ಊರಲ್ಲಿ ನೂರಾರು ಸಿಪಾಯಿಗಳು ಮಫ್ತಿಯಲ್ಲಿ ಇದ್ದಾರಂತೆ. ದಾಟಿದ್ರೆ ಸುತ್ತುಗಟ್ಟಿ ಹೊಡೀತಾರಂತೆ. ಅದಕ್ಕೇ ಹಿಂದೆ ಸರಿದದ್ದು. ಮಾತುಕತೆಗೆ ಬರ್ತೀವಿ ಅಂತಾನೂ ಹೇಳಿ ಕಳಿಸಿದ್ದಾರೆ.”

ಮೌನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಟೆರೇಸಿನಿಂದ ಹೆಂಡತಿ ಕೂಗಿದಳು.

“ರೀ, ಸ್ವಲ್ಪ ಮೇಲೆ ಬನ್ನಿ. ನಿಮ್ಮ ಬ್ಲೇಡ್ ಸಾಹೇಬರನ್ನೂ ಕರ್ಕೊಂಡು ಬನ್ನಿ.”

ಹೋದರು. ಅವಳು ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕೆಳಗಿನ ಬೀದಿ ತೋರಿಸಿದಳು. “ನೆಲದಲ್ಲಿ ನಿಂತು ನೋಡಿದ್ರೆ ಮುಖ ಕಾಣುತ್ತೆ. ಇಲ್ಲಿಂದ ನೋಡಿ.”

ಸಂತೆಬೀದಿಯ ಉದ್ದಕ್ಕೂ ತಲೆಗಳು. ತರಕಾರಿ ತೂಗುವವನ ತಲೆ, ಕೊಳ್ಳುವವನ ತಲೆ, ಮೂಟೆ ಹೊತ್ತವನ ತಲೆ, ಮೇಷ್ಟರ ತಲೆ. ಎಲ್ಲವೂ ಕಿವಿಯ ಸುತ್ತ ನುಣ್ಣಗೆ, ನೆತ್ತಿಯ ಮೇಲೆ ಗಿಡ್ಡ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಕೈಗೆ ಬಂದೂಕು ಕೊಟ್ಟು ಸಾಲಾಗಿ ನಿಲ್ಲಿಸಿದ್ದರೆ ಸೇನಾಪತಿಯೇ ಸೆಲ್ಯೂಟ್ ಹೊಡೆಯಬೇಕಿತ್ತು. ಸಾಹೇಬರ ಕೈ ಮೆಲ್ಲಗೆ ತಮ್ಮದೇ ತಲೆಯ ಮೇಲೆ ಹೋಯಿತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಾವು ಕಿವಿ ಇಡೋಕೆ ಅಂಗಡಿ ಹಾಕಿದ್ವಿ. ಯುದ್ಧ ನಿಲ್ಲಿಸಿದ್ದು ಕತ್ತರಿ,” ಎಂದರು. ನಗು ತಟ್ಟನೆ ನಿಂತಿತು. “ಆದ್ರೆ ಇದನ್ನ ಮೇಲೆ ಹೇಗಯ್ಯಾ ಹೇಳೋದು? ಕೂಂಬಿಂಗ್ ಕಾರ್ಯಾಚರಣೆ ಭರ್ಜರಿ ಯಶಸ್ಸು ಅಂತ ಅವರು ಆಗ್ಲೇ ಬೆನ್ನು ತಟ್ಕೊಂಡಿದ್ದಾರೆ.”

ಯಾರೂ ಯಾರಿಗೂ ಹೇಳಲಿಲ್ಲ. ಎರಡೂ ದೇಶದ ದೊಡ್ಡವರು ಎಲ್ಲೋ ದೂರದ ಊರಿನಲ್ಲಿ ಕೈಕುಲುಕಿದರು. ಶೆಲ್ ಬೀಳದೆ ಒಂದು ಬೇಸಿಗೆ ಕಳೆಯಿತು. ದರ್ಜಿ ಮೊದಲ ಬಾರಿಗೆ ಕಿಟಕಿಗೆ ಗಾಜು ಹಾಕಿಸಿದ. ಸೇತುವೆಯ ಮುಳ್ಳುತಂತಿ ಬಿಚ್ಚಿ, ನಡೆದು ಹೋಗುವವರಿಗೆ ದಾರಿ ಬಿಟ್ಟರು. ಊರು ಹಿಗ್ಗಿ ಹೀರೇಕಾಯಿ ಆಯಿತು.

ಮೌನಿಯ ಹಿಗ್ಗು ಮಾತ್ರ ಅರ್ಧಕ್ಕೇ ನಿಂತಿತು. ಬ್ಲೇಡ್ ಸಾಹೇಬರು ಮುಂದಿನ ಸಲ ಬಂದಾಗ ಅವನ ಕಣ್ಣು ತಪ್ಪಿಸಿ ಮಾತಾಡಿದರು. “ಕೆಲಸ ಮುಗೀತಲ್ಲಯ್ಯಾ. ತಿಂಗಳ ಕೊನೆಗೆ ಅಂಗಡಿ ಮುಚ್ಚೋದು ಅಂತ ಆಗಿದೆ. ನಿನ್ನನ್ನ ಮತ್ತೆ ವೈರ್‌ಲೆಸ್‌ಗೇ ಹಾಕ್ತಾರೆ. ಬ್ಯಾರಕ್ಕು.”

ಯುದ್ಧ ಬಂದಿದ್ದರೂ ಹೋಗಬೇಕಿತ್ತು, ಬಾರದಿದ್ದರೂ ಹೋಗಬೇಕು. ಇದೆಂಥ ನ್ಯಾಯ ಎಂದು ಮೌನಿಗೆ ನಿಜಕ್ಕೂ ಸಿಟ್ಟು ಬಂತು. ಸುದ್ದಿ ಕೇಳಿದ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಟ್ರಂಕಿನ ಮೇಲೆ ಕೂತಳು.

“ಕೆಲಸ ಬಿಟ್ಟು ಇಲ್ಲೇ ಇದ್ದುಬಿಡೋಣ್ವಾ?” ಎಂದಳು. “ಅಂಗಡಿ ನಾವೇ ಬಾಡಿಗೆಗೆ ಹಿಡಿದ್ರಾಯ್ತು.”

“ಇರಬಹುದು ಕಣೇ. ಆದ್ರೆ ಸೇತುವೆ ದಾರಿ ಬಿಟ್ಟಿದ್ದಾರೆ. ಆಚೆ ದಡದಲ್ಲಿ ಬಗೆಬಗೆಯ ಕಟಿಂಗ್ ಮಾಡೋರು ಇದ್ದಾರೆ. ಹುಡುಗರು ಆಗ್ಲೇ ಅತ್ತ ಹೋಗೋಕೆ ಶುರು ಮಾಡಿದ್ದಾರೆ. ನನಗೆ ಬರೋದು ಒಂದೇ.”

“ಹಾಗಾದ್ರೆ ಎರಡನೇದು ಕಲೀರಿ. ಅದೇನು ಬ್ರಹ್ಮವಿದ್ಯೆನಾ?”

ಬಲಿಗೆ ಸಿಕ್ಕಿದ್ದು, ಎರಡು ತಿಂಗಳಿಂದ ತಲೆ ಕೊಡದೆ ಕೂದಲು ಬೆಳೆದಿದ್ದ ದರ್ಜಿ. ಸ್ನೇಹಕ್ಕೆ ತಲೆ ಕೊಡುವುದು ಎಂದರೆ ಏನೆಂದು ಅವನಿಗೆ ಆ ವಾರ ಅರ್ಥವಾಯಿತು. ಪಕ್ಕದಲ್ಲಿ ಸ್ವಲ್ಪ ಉದ್ದ ಬಿಟ್ಟು ಮೇಲಿನಿಂದ ಇಳಿಜಾರಾಗಿ ತರಬೇಕಾದಲ್ಲಿ ಮೆಟ್ಟಿಲುಗಳಾದವು. “ಇಲಿ ಕಡಿದಂಗಿದೆ,” ಎಂದಳು ಹೆಂಡತಿ. ಎರಡನೇ ಸಲ, “ಇಲಿಗೆ ಸ್ವಲ್ಪ ಬುದ್ಧಿ ಬಂದಿದೆ,” ಎಂದಳು. ಕೊನೆಗೆ ಒಂದು ದಿನ ದರ್ಜಿ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ನಾಚಿಕೊಂಡು, ಚೆನ್ನಾಗಿದೆ ಎಂದ. ಮೌನಿಗೆ ಸೇನೆಯಲ್ಲಿ ಬಂದ ಯಾವ ಪದಕವೂ ಅಷ್ಟು ಖುಷಿ ಕೊಟ್ಟಿರಲಿಲ್ಲ. ‘ಎಲ್ಲ ಬಗೆಯ ಕಟಿಂಗ್ ಮಾಡಲಾಗುವುದು’ ಎಂದು ಬೋರ್ಡು ಬರೆಸಲು ಹೇಳಿಬಿಟ್ಟ.

ಬೋರ್ಡು ಬರುವ ಮೊದಲು ಒಬ್ಬ ಹೊಸ ಗಿರಾಕಿ ಬಂದ. ಮಧ್ಯಾಹ್ನ, ಅಂಗಡಿ ಖಾಲಿ. ಕೂದಲು ಬೆಳೆದಿದ್ದ ನಡುವಯಸ್ಸಿನವನು. ಮುಖ ಬಿಸಿಲಿಗೆ ಕಂದಿ ಕಪ್ಪಾಗಿತ್ತು, ಕಣ್ಣುಗಳ ಸುತ್ತ ಮಾತ್ರ ಬಿಸಿಲು ಕಾಣದ ಎರಡು ಬಿಳಿ ಬಳೆಗಳಿದ್ದವು. ಶೇವಿಂಗ್ ಮೊದಲು, ಕಟಿಂಗ್ ಆಮೇಲೆ ಎಂದು ಕುರ್ಚಿಯಲ್ಲಿ ಕೂತು ಕತ್ತು ಒರಗಿಸಿದ. ಮೌನಿ ಸೋಪು ಹಚ್ಚಿ ಕತ್ತಿ ಎತ್ತಿಕೊಂಡ.

“ಪಕ್ಕದ ಅಂಗಡಿ ಶಟರ್ ಇನ್ನೂ ಅರ್ಧಕ್ಕೇ ಸಿಕ್ಕಿಹಾಕ್ಕೊಳ್ಳುತ್ತಲ್ಲ,” ಎಂದ ಗಿರಾಕಿ ಕಣ್ಣು ಮುಚ್ಚಿಕೊಂಡೇ. “ಕಾಲಲ್ಲಿ ಗುದ್ದಬೇಕು. ಕುಂಟುಕಾಲಲ್ಲಿ ಗುದ್ದೋದು ಕಷ್ಟ ಅವನಿಗೆ.”

ಕತ್ತಿ ಗಂಟಲ ಮೇಲೆ ನಿಂತಿತು. ಅದೇ ಹೊತ್ತಿಗೆ ಮೆಟ್ಟಿಲಿಳಿದು ಬಂದ ಹೆಂಡತಿ ಕನ್ನಡಿಯಲ್ಲಿ ಆ ಬಿಳಿ ಬಳೆಗಳನ್ನು ನೋಡಿ ಅಲ್ಲೇ ನಿಂತಳು.

“ಅಯ್ಯೋ, ಎದುರುಮನೆಯವರು,” ಎಂದಳು.

ಗಿರಾಕಿ ಕಣ್ಣು ತೆರೆದು ಕನ್ನಡಿಯಲ್ಲೇ ಅವಳಿಗೆ ನಮಸ್ಕರಿಸುವಂತೆ ತಲೆಯಾಡಿಸಿದ. “ನೀವು ಬಟ್ಟೆನ ಒಂದು ಸಲ ಕೊಡವಿ, ಆಮೇಲೆ ಒಣಹಾಕ್ತೀರಿ. ನನ್ನ ಹೆಂಡತಿನೂ ಹಾಗೇ.”

ಆ ಅಂಗಡಿಯಲ್ಲಿ ಗಿರಾಕಿಯೊಬ್ಬನ ಮುಂದೆ ಮೌನಿ ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು. ಈ ಮನುಷ್ಯ ಹಿಂದಕ್ಕೆ ಹೋಗಿ ಕಂಡದ್ದನ್ನು ಹೇಳಿದರೆ ಟ್ಯಾಂಕುಗಳು ಮತ್ತೆ ಗುಡ್ಡದ ಹಿಂದೆ ಬಂದು ನಿಲ್ಲುತ್ತವೆ. ಸುಳ್ಳು ಹೇಳೋಣವೆಂದರೆ ಸುಳ್ಳು ಹೊಳೆಯಲಿಲ್ಲ.

“ಸ್ವಾಮಿ, ಇಲ್ಲಿ ಸೈನ್ಯಗೀನ್ಯ ಏನೂ ಇರ್ಲಿಲ್ಲ. ನನಗೆ ಬರ್ತಿದ್ದದ್ದು ಒಂದೇ ಕಟಿಂಗ್.”

“ಗೊತ್ತು.”

“ಈಗ ಗೊತ್ತಾಯ್ತಾ?”

“ನೀವು ಅಂಗಡಿ ತೆಗೆದ ದಿನದಿಂದ ಗೊತ್ತು. ದರ್ಜಿ ಉದ್ದ ಕೂದಲಲ್ಲಿ ಒಳಗೆ ಹೋದ, ಸಿಪಾಯಿ ತಲೇಲಿ ಹೊರಗೆ ಬಂದ. ಕುಂಟೋದು ಹಾಗೇ ಇತ್ತು. ಇಷ್ಟು ವರ್ಷ ನೋಡಿದ್ದೀನಿ, ಈ ಊರಲ್ಲಿ ನನಗೆ ಗೊತ್ತಿಲ್ಲದ ನಡಿಗೆ ಯಾವುದಿದೆ?”

“ಮತ್ತೆ ಅಷ್ಟು ಸಿಪಾಯಿಗಳಿದ್ದಾರೆ ಅಂತ...”

“ನಾನು ಹಾಗೆ ಹೇಳ್ಲೇ ಇಲ್ಲ. ಸಿಪಾಯಿ ಕಟಿಂಗ್ ಇರೋ ತಲೆ ಎಷ್ಟು ಅಂತ ಮೇಲಿನಿಂದ ಕೇಳಿದ್ರು. ಎಣಿಸಿ ಹೇಳಿದೆ. ಯಾರ ತಲೆ ಅಂತ ಅವರು ಕೇಳ್ಲಿಲ್ಲ. ಕೇಳದೇ ಇದ್ದದ್ದನ್ನ ಹೇಳಿದ್ರೆ ನಮ್ಮಲ್ಲಿ ಬೈತಾರೆ.”

“ನಮ್ಮಲ್ಲೂ ಬೈತಾರೆ,” ಎಂದ ಮೌನಿ.

ಎದುರುಮನೆಯವನು ಕನ್ನಡಿಯಲ್ಲಿ ಕಾಣುತ್ತಿದ್ದ ಬೀದಿಯ ಕಡೆ ಕಣ್ಣು ಹೊರಳಿಸಿದ. ಗಲ್ಲದ ಮೇಲೆ ಸೋಪು ಒಣಗುತ್ತಿತ್ತು. “ದರ್ಜಿ ತಮ್ಮ ಬಿದ್ದದ್ದನ್ನ ನಾನು ನೋಡಿದ್ದೆ,” ಎಂದ. “ನನ್ನ ಡ್ಯೂಟಿಯೇ ನೋಡೋದು, ಕಣ್ಣು ತೆಗೆಯೋ ಹಾಗಿರ್ಲಿಲ್ಲ. ಅಂಥದ್ದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ.”

ಮೌನಿಯ ಹೆಂಡತಿ ಒಳಗೆ ಹೋಗಿ, ಬಿಸಿನೀರಲ್ಲಿ ಅದ್ದಿದ ಟವೆಲ್ ತಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ. ಮೌನಿ ಮತ್ತೆ ಸೋಪು ಹಚ್ಚಿ ಶೇವಿಂಗ್ ಮುಗಿಸಿದ.

“ಬಂದ ಕೆಲಸ ಹೇಳಿಬಿಡ್ತೀನಿ,” ಎಂದ ಅವನು ಆಮೇಲೆ. “ನನಗೆ ಬಡ್ತಿ ಕೊಟ್ಟು ಕೆಳಗಿಳಿಸಿದ್ದಾರೆ. ಗೋಪುರದಲ್ಲಿ ಈಗ ಹೊಸಬ ಇದ್ದಾನೆ. ಚುರುಕು, ಆದ್ರೆ ಅವನಿಗೆ ಊರು ಗೊತ್ತಿಲ್ಲ. ತಲೆ ಮಾತ್ರ ಗೊತ್ತು. ಮೊನ್ನೆ ದರ್ಜಿ ತಲೆ ಬದಲಾಗಿದ್ದನ್ನ ನಾನು ಸೇತುವೆ ಮೇಲಿಂದ ನೋಡಿದೆ. ಹೀಗೇ ಒಂದೊಂದೇ ಬದಲಾದ್ರೆ, ಸೈನ್ಯ ಜಾಗ ಖಾಲಿ ಮಾಡ್ತಿದೆ ಅಂತ ಅವನು ಬರೀತಾನೆ. ನಮ್ಮಲ್ಲಿ ಕೆಲವರು ಅದಕ್ಕೇ ಕಾಯ್ತಿದ್ದಾರೆ.”

“ಹಾಗಾದ್ರೆ?”

“ಎರಡನೇ ಕಟಿಂಗ್ ಕಲೀಬೇಡಿ.”

ಮೌನಿ ಕನ್ನಡಿ ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಕತ್ತರಿ ನೋಡಿದ. ಕಷ್ಟಪಟ್ಟು ಕಲಿತ ವಿದ್ಯೆ ಅದು. “ನಿಮಗೆ ಯಾವ ಕಟಿಂಗ್ ಮಾಡ್ಲಿ?” ಎಂದು ಕೇಳಿದ.

“ಅದೇ.”

ಕಟಿಂಗ್ ಮಾಡಿಸಿಕೊಂಡು ಎದುರುಮನೆಯವನು ಬೀದಿಗಿಳಿದ. ಹೆಂಡತಿ ಅವನು ಸೇತುವೆ ದಾಟುವುದನ್ನು ನೋಡಲು ಟೆರೇಸಿಗೆ ಹೋದಳು. ಆದರೆ ಬೀದಿಯಲ್ಲಿ ಅಷ್ಟೊಂದು ತಲೆಗಳ ನಡುವೆ ಅವನ ತಲೆ ಯಾವುದೆಂದು ಅವಳಿಗೆ ಗುರುತೇ ಸಿಗಲಿಲ್ಲ.

ಬ್ಲೇಡ್ ಸಾಹೇಬರು ಅಂಗಡಿಯ ಬೀಗದಕೈ ತೆಗೆದುಕೊಳ್ಳಲು ಬಂದ ದಿನ ಮೌನಿ ಎಲ್ಲವನ್ನೂ ಹೇಳಿದ. ಅವರು ಈ ಸಲ ನಗಲಿಲ್ಲ. ದರ್ಜಿಯನ್ನು ಕರೆಸಿ, ತಲೆಯನ್ನು ಸುತ್ತಲೂ ನೋಡಿ, “ಇದನ್ನ ಈಗಲೇ ಮೊದಲಿನ ಹಾಗೆ ಮಾಡು,” ಎಂದರು. ದರ್ಜಿಗೆ ಬೇಜಾರಾಯಿತು. ಅವನು ಆ ಕೂದಲಿಗಾಗಿ ಹೊಸ ಬಾಚಣಿಗೆ ಕೊಂಡಿದ್ದ. ಸಾಹೇಬರು ಚೀಲ ಎತ್ತಿಕೊಂಡು ಹೋದರು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಟ್ರಂಕು ಬಾಗಿಲ ಹತ್ತಿರವೇ ಇತ್ತು.

ಅವರು ತಿರುಗಿ ಬಂದಾಗ ಅಂಗಡಿಯಲ್ಲಿ ಮೇಷ್ಟರು ಕುರ್ಚಿಯಲ್ಲಿದ್ದರು. ಸಾಹೇಬರು ಬ್ಲೇಡಿನ ಪೊಟ್ಟಣ ಕೊಡುವ ನೆವದಲ್ಲಿ ಮೌನಿಯ ಕಿವಿಯ ಹತ್ತಿರ ಬಗ್ಗಿದರು.

“ಅಂಗಡಿ ಮುಚ್ಚೋ ಹಾಗಿಲ್ಲ. ನೀನು ನಿವೃತ್ತಿ ಆಗೋ ತನಕ ಇಲ್ಲೇ. ಬೇರೆ ಕಟಿಂಗ್ ಮಾಡಿದ್ರೆ ಶಿಸ್ತುಕ್ರಮ ಅಂತ ಆರ್ಡರಾಗಿದೆ. ಆಚೆ ದಡಕ್ಕೆ ಹೋಗೋ ಹುಡುಗರಿಗೆ ಇಲ್ಲಿ ಕಟಿಂಗ್ ಪುಕ್ಕಟೆ, ಇಲಾಖೆ ಲೆಕ್ಕದಲ್ಲಿ.”

ಮೌನಿ ಬಾಯಿ ತೆರೆಯಲಿಲ್ಲ, ಗಿರಾಕಿ ಇದ್ದರಲ್ಲ. ಮೆಟ್ಟಿಲ ತಿರುವಿನಲ್ಲಿ ಹೆಂಡತಿ ನಿಂತಿದ್ದಳು. ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವ ವಿದ್ಯೆಯನ್ನು ಅವಳೂ ಅಷ್ಟರಲ್ಲಿ ಕಲಿತಿದ್ದಳು. ಅವಳು ಬಿರಬಿರನೆ ಮೇಲೆ ಹೋದಳು. ಮೇಷ್ಟರು ಹೆಂಡತಿಯ ಅಕ್ಕ ಬಂದು ಕೂತಿರುವ ಕಥೆ ಹೇಳುತ್ತಿದ್ದರು. ಮೌನಿ ಅವರ ಕಿವಿಯ ಸುತ್ತ ಮಿಷನ್ ಹಿಡಿದಿದ್ದ. ಅಷ್ಟರಲ್ಲಿ ಮೇಲಿನಿಂದ ಟಣ್ ಟಣ್ ಎಂದು ಸದ್ದು ಕೇಳಿತು.

“ಅದೇನು ಮೌನಿಯಣ್ಣ, ಗೋಡೆ ಒಡೀತಿದ್ದಾರಾ?” ಎಂದರು ಮೇಷ್ಟರು.

ಅವನು ಮಿಷನ್ ನಿಲ್ಲಿಸಿ ಕಿವಿಗೊಟ್ಟ. ಒಂದು ಮುಗಿಯಿತು, ಇನ್ನೊಂದು ಶುರುವಾಯಿತು.

“ಇಲ್ಲ ಮೇಷ್ಟ್ರೆ,” ಎಂದ. “ನಮ್ಮನೆಯವಳು ಮೊಳೆ ಹೊಡೀತಿದ್ದಾಳೆ.”